ಸ್ವಂತ ವಾಕ್ಯದಲ್ಲಿ ಬಳಸಿ

ದೊಡ್ಡಮ್ಮ ಇಂಗ್ಲಿಷ್ ಕಲಿಯಲು ಹೊರಟದ್ದು ಒಂದು ಕುರ್ಚಿಗಾಗಿ.

ಅವರು ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನೇಳು ವರ್ಷ ನಿಂತೇ ಕೆಲಸ ಮಾಡಿದವರು. ವಾರ್ಡುಗಳಿಂದ ಚೀಲಗಟ್ಟಲೆ ಬರುವ ಹೊಲಸು ಬಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಸುರಿದು, ಬಿಳಿ ಚಾದರ ಒಂದು ಕಡೆ, ಹಸಿರು ಗೌನು ಒಂದು ಕಡೆ, ರಕ್ತ ಹತ್ತಿದ್ದು ಇನ್ನೊಂದು ಕಡೆ ಎಂದು ಬೇರೆ ಮಾಡಬೇಕು. ಮಷಿನ್ನಿಗೆ ಹಾಕುವ ಮುಂಚೆ ಒಂದೊಂದನ್ನೂ ಕೈಯಾಡಿಸಿ ನೋಡಬೇಕು. ಕನ್ನಡಕ, ಹಲ್ಲಿನ ಸೆಟ್ಟು, ಕತ್ತರಿ, ಒಮ್ಮೊಮ್ಮೆ ಸೂಜಿ, ಎಲ್ಲವೂ ಸಿಗುತ್ತವೆ. ಮೇಜಿನ ಹತ್ತಿರ ಕೂರುವ ಹಾಗಿಲ್ಲ. ಇಡೀ ಲಾಂಡ್ರಿಯಲ್ಲಿ ಇರುವುದು ಒಂದೇ ಕುರ್ಚಿ, ಅದು ಸೂಪರ್‌ವೈಸರ್‌ದು. ದೊಡ್ಡಮ್ಮನ ಮೊಣಕಾಲಿನ ಕೆಳಗೆ ನರಗಳು ಹಗ್ಗದ ಹಾಗೆ ಗಂಟುಗಂಟಾಗಿದ್ದವು. "ಇನ್ನು ನಿಂತು ಮಾಡೋ ಕೆಲಸ ಬಿಟ್ಬಿಡಿ" ಎಂದು ಡಾಕ್ಟರು ಕೂತುಕೊಂಡೇ ಹೇಳಿದ್ದರು.

ಹಳೆಯ ಸೂಪರ್‌ವೈಸರ್ ಬಿಟ್ಟು ಹೋದಾಗ, ಲಾಂಡ್ರಿಯ ಗುತ್ತಿಗೆ ಹಿಡಿದಿದ್ದ ಕಂಪನಿ ಒಂದು ನೋಟೀಸು ಅಂಟಿಸಿತು. ಒಳಗಿನವರೇ ಅರ್ಜಿ ಹಾಕಬಹುದು. ಆದರೆ ಸೂಪರ್‌ವೈಸರ್ ಆದವರು ರಿಪೋರ್ಟನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಅದಕ್ಕೊಂದು ಪರೀಕ್ಷೆ. ಜೊತೆಗೆ ಮೂವತ್ತು ಫ್ರೇಸಲ್ ವರ್ಬುಗಳ ಜೆರಾಕ್ಸ್ ಪಟ್ಟಿ. ಒಂದೊಂದಕ್ಕೂ ಅರ್ಥ ಬರೆದು, ಸ್ವಂತ ವಾಕ್ಯದಲ್ಲಿ ಬಳಸಬೇಕು.

ನಾನು ಅವರ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತಿದ್ದೆ. ಪಟ್ಟಿ ನೋಡಿದ್ದೇ ತಡ, ಕುಣಿದುಬಿಟ್ಟೆ.

"ಅಯ್ಯೋ ಇಷ್ಟೇನಾ ದೊಡ್ಡಮ್ಮ! ಹತ್ತೇ ದಿನ. ಅರೆದು ಕುಡಿಸ್ತೀನಿ ನಿಮಗೆ!"

"ನೋಡಮ್ಮ, ಯೋಚನೆ ಮಾಡಿ ಕುಡಿಸು," ಎಂದರು ದೊಡ್ಡಪ್ಪ. ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಟಿವಿ ಮುಂದೆ ಕಾಯಂ ಸೀಟು. "ಈಗ ಒಂದು ಭಾಷೇಲಿ ಬೈಸ್ಕೊಳ್ತಾ ಇದೀನಿ. ಆಮೇಲೆ ಎರಡ್ರಲ್ಲಿ ಬೈಸ್ಕೋಬೇಕು."

"ನಿಮ್ಮನ್ನ ಬಯ್ಯೋಕೆ ಭಾಷೆ ಬೇರೆ ಬೇಕಾ? ಕಣ್ಣು ಬಿಟ್ರೆ ಸಾಕು," ಎಂದರು ದೊಡ್ಡಮ್ಮ.

ಮಧ್ಯಾಹ್ನ ಮೂರಕ್ಕೆ ಅವರ ಶಿಫ್ಟು ಮುಗಿಯುತ್ತಿತ್ತು. ಮನೆಗೆ ಬಂದು ನೆಲದ ಮೇಲೆ ಚಾಪೆ ಹಾಸಿ, ಊದಿದ ಕಾಲುಗಳನ್ನು ಗೋಡೆಗೆ ಎತ್ತಿ ಒರಗಿಸಿ, ಪಟ್ಟಿಯನ್ನು ಮುಖದ ಮೇಲೆ ಹಿಡಿದು ಮಲಗುವರು. ನಾನು ಪಕ್ಕದಲ್ಲಿ ಫೋನು ಹಿಡಿದು ಬೋರಲು. ಹತ್ತೋ ಹನ್ನೆರಡೋ ಸರಾಗ ಹೋದವು. ಹದಿನಾಲ್ಕನೆಯದರಲ್ಲಿ ಗಾಡಿ ನಿಂತಿತು. ಪುಟ್ ಅಪ್ ವಿತ್.

"ಪುಟ್ ಅಂದ್ರೆ ಇಡೋದು. ಅಪ್ ಅಂದ್ರೆ ಮೇಲೆ. ವಿತ್ ಅಂದ್ರೆ ಜೊತೆ. ಜೊತೇಲಿ ಮೇಲಿಡೋದು. ಅಟ್ಟದ ಮೇಲೆ ಪಾತ್ರೆ ಇಟ್ಟಂಗೆ?"

"ಅಲ್ಲ ದೊಡ್ಡಮ್ಮ, ಸಹಿಸ್ಕೊಳ್ಳೋದು."

"ಎಲ್ಲಿದೆ ಅದರಲ್ಲಿ ಸಹಿಸ್ಕೊಳ್ಳೋದು? ಮೂರೂ ಬಿಚ್ಚಿ ನೋಡ್ದೆ, ಒಂದ್ರಲ್ಲೂ ಇಲ್ಲ."

"ಬಿಚ್ಚಬಾರದು. ನೀವು ನನಗೆ ತಲೆ ತಿನ್ಬೇಡ ಅಂತೀರಲ್ಲ, ಯಾರು ಯಾರ ತಲೆ ತಿಂದಿದಾರೆ? ಮೂರು ಪದ ಸೇರಿದ್ಮೇಲೆ ಬೇರೇನೇ ಒಂದು ಅರ್ಥ."

ದೊಡ್ಡಮ್ಮ ಪಟ್ಟಿಯನ್ನು ಎದೆಯ ಮೇಲಿಟ್ಟುಕೊಂಡರು. "ಹೊಟ್ಟೆಗೆ ಹಾಕ್ಕೊಳ್ಳೋದು ಅಂತೀವಲ್ಲ, ಹಂಗಾ?"

ಅದು ನನಗೂ ಹೊಳೆದಿರಲಿಲ್ಲ. ಫೋನಿನಲ್ಲಿ ನಾಲ್ಕಾರು ಕಡೆ ಹುಡುಕಿ ಓದಿ ಹೇಳಿದೆ. "ಪೂರ್ತಿ ಹಂಗಲ್ಲ. ಹೊಟ್ಟೆಗೆ ಹಾಕ್ಕೊಂಡ್ರೆ ಕ್ಷಮಿಸಿದಂಗೆ, ಅಲ್ಲಿಗೆ ಮುಗೀತು. ಇದ್ರಲ್ಲಿ ಕ್ಷಮೆ ಇಲ್ಲ. ನಿಮಗೆ ಇಷ್ಟ ಇಲ್ಲ, ಬೇರೆ ದಾರಿ ಇಲ್ಲ, ಅದು ನಿಲ್ಲೋದೂ ಇಲ್ಲ. ಹಲ್ಲು ಕಚ್ಕೊಂಡು ಇದೀರ, ಅಷ್ಟೇ."

"ಒಂದ್ಸಲ ಯಾರೋ ಕಾಲು ತುಳಿದ್ರು. ಬರೀಬಹುದಾ?"

"ಇಲ್ಲ. ದಿನಾ ತುಳೀಬೇಕು."

"ಮ್ಯಾನೇಜರ್ ಪುಟ್ಸ್ ಅಪ್ ವಿತ್ ಅಂತ ಬರೀಬಹುದಾ?"

"ಧಾರಾಳವಾಗಿ."

"ಏನನ್ನ?"

"ನಿಮ್ಮನ್ನ."

ದೊಡ್ಡಮ್ಮ ನಕ್ಕ ರಭಸಕ್ಕೆ ಕಾಲು ಗೋಡೆಯಿಂದ ಜಾರಿತು. ನಾನು ಇನ್ನೂ ಒಂದು ಸಲಹೆ ಕೊಟ್ಟೆ. "ಇದರ ಜೊತೆ ಎಷ್ಟು ದಿನದಿಂದ ಅಂತಾನೂ ಸೇರಿಸಿ. ಆಗ ವಾಕ್ಯಕ್ಕೆ ತೂಕ ಬರುತ್ತೆ." ಕೊಡುವಾಗ ನನಗೆ ಬಹಳ ಹೆಮ್ಮೆಯಿತ್ತು.

ಅರ್ಥ ಹೇಳಿಕೊಡುವುದು ಸುಲಭವಾಯಿತು. ಕಷ್ಟವಾದದ್ದು ವಾಕ್ಯ. ದೊಡ್ಡಮ್ಮ ಸುಳ್ಳು ವಾಕ್ಯ ಬರೆಯಲು ಒಪ್ಪುತ್ತಿರಲಿಲ್ಲ. ಲಾಂಡ್ರಿಯಲ್ಲಿ ಒಂದು ರಿಜಿಸ್ಟರ್ ಇತ್ತು. ಎಷ್ಟು ಚಾದರ ಬಂತು, ಎಷ್ಟು ಹೋಯಿತು, ಎಷ್ಟು ಹರಿದಿದೆ ಎಂದು ಪ್ರತಿ ಶಿಫ್ಟಿನಲ್ಲೂ ಬರೆದು ಸಹಿ ಹಾಕಬೇಕು. ಮುನ್ನೂರ ಎಂಬತ್ತು ಚಾದರ ಎಣಿಸಿ ನಾನೂರು ಎಂದು ಬರೆದ ಒಬ್ಬನನ್ನು ಅದೇ ದಿನ ಮನೆಗೆ ಕಳಿಸಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಹದಿನೇಳು ವರ್ಷದಲ್ಲಿ ಅವರು ಬರೆದದ್ದೆಲ್ಲ ಆ ರಿಜಿಸ್ಟರಿನಲ್ಲೇ.

"ಬಾಯಲ್ಲಿ ಏನಾದ್ರೂ ಅನ್ನು ಪುಟ್ಟಿ. ಬರೆದ್ಮೇಲೆ ಅದು ನಿಜ ಇರ್ಬೇಕು."

"ಇದು ಉದಾಹರಣೆ ದೊಡ್ಡಮ್ಮ. ಕಲ್ಪನೆ. ಆನೆ ಹಾರಿತು ಅಂತ ಬೇಕಾದ್ರೂ ಬರೀರಿ, ವ್ಯಾಕರಣ ಸರಿ ಇದ್ರೆ ಮಾರ್ಕ್ಸು ಬರುತ್ತೆ."

"ನಾನು ಯಾವ ಆನೇನೂ ನೋಡಿಲ್ಲ ಹಾರಿದ್ದು."

'ರನ್ ಔಟ್ ಆಫ್' ಎಂಬುದಕ್ಕೆ 'ಮಂಗಳವಾರ ಸೋಪಿನ ಪುಡಿ ಖಾಲಿಯಾಯಿತು' ಎಂದು ಬರೆದರು. ಬರೆದ ಮೇಲೆ ಅನುಮಾನ ಬಂತು. ಮಂಗಳವಾರವೋ ಬುಧವಾರವೋ? ಸೀದಾ ಗಡಿಬಿಡಿಗೆ ಫೋನ್ ಮಾಡಿದರು.

ಗಡಿಬಿಡಿ ಎಂದರೆ ಮೇಜಿನ ಆ ಬದಿಯಲ್ಲಿ ದೊಡ್ಡಮ್ಮನ ಎದುರು ನಿಲ್ಲುವ ಹೆಂಗಸು. ನಡೆದರೆ ಓಡಿದ ಹಾಗೆ, ಮಾತಾಡಿದರೆ ಜಗಳವಾಡಿದ ಹಾಗೆ. ಅದಕ್ಕೇ ಆ ಹೆಸರು. ಇಬ್ಬರೂ ಒಂಬತ್ತು ವರ್ಷ ಎದುರುಬದುರು ನಿಂತು ಒಂದೇ ಚಾದರದ ಎರಡು ತುದಿ ಹಿಡಿದು ಕೊಡವಿದವರು.

"ಬುಧವಾರ ಅಕ್ಕಾ, ಬುಧವಾರ!" ಎಂದು ಸ್ಪೀಕರ್ ಹಾಕದೆಯೂ ಮನೆಯಿಡೀ ಕೇಳಿಸಿತು. "ಮಂಗಳವಾರ ನಾನು ಮಗಳ ಸ್ಕೂಲಿಗೆ ಹೋಗಿದ್ನಲ್ಲ! ಯಾಕೆ, ಕಳ್ಳತನ ಏನಾದ್ರೂ ಆಯ್ತಾ?"

"ಇಲ್ವೇ, ಪರೀಕ್ಷೆಗೆ ಓದ್ತಾ ಇದೀನಿ."

"ಸೋಪಿನ ಪುಡಿ ಬಗ್ಗೆ ಪರೀಕ್ಷೆನಾ? ಹಂಗಾದ್ರೆ ನಾನೂ ಪಾಸು ಬಿಡು!"

ದೊಡ್ಡಮ್ಮ ಮಂಗಳವಾರ ಹೊಡೆದುಹಾಕಿ ಬುಧವಾರ ಬರೆದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಗಡಿಬಿಡಿಗೆ ಸೂಜಿ ಚುಚ್ಚಿತು. ದಿಂಬಿನ ಚೀಲದ ಮೂಲೆಯಲ್ಲಿತ್ತು. ಗ್ಲೌಸಿನ ಹೆಬ್ಬೆರಳಿನ ಜಾಗದಲ್ಲಿ ಮೊದಲೇ ತೂತು, ಸೂಜಿ ಆ ತೂತಿನಲ್ಲೇ ಹೊಕ್ಕಿತು. ರಬ್ಬರಿನ ದಪ್ಪ ಗ್ಲೌಸು ತಿಂಗಳಿಗೊಂದು ಜೊತೆ ಬರಬೇಕು, ಎಂಟು ತಿಂಗಳಿಂದ ಬಂದಿರಲಿಲ್ಲ. ಮೇಜಿನವರೆಲ್ಲ ಹಳೆಯದಕ್ಕೇ ಪ್ಲಾಸ್ಟಿಕ್ ಪಟ್ಟಿ ಸುತ್ತಿಕೊಂಡು ದಿನ ದೂಡುತ್ತಿದ್ದರು. ಯಾವ ರೋಗಿಯ ಸೂಜಿ ಎಂದು ಯಾರಿಗೂ ಗೊತ್ತಿಲ್ಲ. ಗಡಿಬಿಡಿಗೆ ರಕ್ತ ಪರೀಕ್ಷೆ, ಮಾತ್ರೆ, ರೋಗ ಅಂಟಿದೆಯೋ ಇಲ್ಲವೋ ತಿಳಿಯಲು ಆರು ತಿಂಗಳು ಕಾಯುವ ಕೆಲಸ. ಕಂಪನಿ ಅವಳನ್ನು ಸದ್ಯಕ್ಕೆ ಎಂದು ಮನೆಗೆ ಕಳಿಸಿತು. ಗ್ಲೌಸು ಸರಿಯಾಗಿ ಕೊಟ್ಟಿದ್ದೇವೆ, ಆಕೆ ಅವಸರದಲ್ಲಿ ಹಾಕಿಕೊಂಡಿರಲಿಲ್ಲ, ತಪ್ಪು ಆಕೆಯದೇ ಎಂದು ಬರೆದುಕೊಂಡಿತು. 'ಎಲ್ಲರೂ ಅವಳನ್ನ ಗಡಿಬಿಡಿ ಅಂತಾನೇ ಕರೀತಾರಲ್ಲ' ಎಂದರಂತೆ ಆಫೀಸಿನಲ್ಲಿ. ಲಾಂಡ್ರಿಯ ರಿಜಿಸ್ಟರಿನಲ್ಲಿ ಗ್ಲೌಸಿಗೆ ಕಾಲಮ್ಮೇ ಇರಲಿಲ್ಲ.

ಪರೀಕ್ಷೆ ಆಸ್ಪತ್ರೆಯ ಊಟದ ಕೋಣೆಯಲ್ಲಿ ನಡೆಯಿತು. ಐದು ಜನ ಬರೆದರು. ದೊಡ್ಡಮ್ಮ ಹೊರಗೆ ಬಂದಾಗ ಬೆರಳಿಗೆಲ್ಲ ಇಂಕು, ಮುಖದಲ್ಲಿ ಬೆವರು.

"ಹದಿನಾಲ್ಕನೇದಕ್ಕೆ ಏನು ಬರೆದ್ರಿ?" ಎಂದೆ.

ಒಂದೊಂದೇ ಪದ ಎಣಿಸಿಕೊಂಡು ಹೇಳಿದರು. "ವಿ ಹ್ಯಾವ್ ಪುಟ್ ಅಪ್ ವಿತ್ ಟಾರ್ನ್ ಗ್ಲೌಸ್ ಫಾರ್ ಎಯ್ಟ್ ಮಂತ್ಸ್."

ಹರಿದ ಗ್ಲೌಸನ್ನು ಎಂಟು ತಿಂಗಳಿಂದ ಸಹಿಸಿಕೊಂಡಿದ್ದೇವೆ. ನಾನು ರಸ್ತೆಯಲ್ಲೇ ಅವರನ್ನು ತಬ್ಬಿಕೊಂಡೆ. ಕಾಲ ಸರಿ, ಪದಗಳ ಜಾಗ ಸರಿ, ಎಷ್ಟು ದಿನದಿಂದ ಎನ್ನುವುದೂ ಇದೆ. ಆ ವಾಕ್ಯದಲ್ಲಿ ನಾನು ನೋಡಿದ್ದು ಇಷ್ಟೇ.

ಫಲಿತಾಂಶ ಬಂದದ್ದು ವಾರದ ನಂತರ. ದೊಡ್ಡಮ್ಮ ಮೊದಲನೆಯವರು. ದೊಡ್ಡಪ್ಪ ಟಿವಿ ಆರಿಸಿದರು. ಅದು ನಮ್ಮ ಮನೆಯಲ್ಲಿ ದೊಡ್ಡ ಗೌರವ. ಆದರೆ ನೇಮಕದ ಕಾಗದ ಬರಲಿಲ್ಲ. ಅದರ ಬದಲು ಗಡಿಬಿಡಿ ಬಂದಳು.

ಅವಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಶುರುಮಾಡಿದಳು. "ಅಕ್ಕ, ನೀನು ಪರೀಕ್ಷೇಲಿ ಗ್ಲೌಸಿನ ವಿಷಯ ಬರೆದಿದೀಯಂತೆ? ನಿನ್ನ ಜೊತೆ ಪರೀಕ್ಷೆ ಬರೆದ್ಲಲ್ಲ, ಇಸ್ತ್ರಿ ಸೆಕ್ಷನ್ನಿನವಳು, ಅವಳು ಹೇಳಿದ್ಲು. ನಿಜಾನಾ?"

"ಬರೆದಿದೀನಿ. ಬಾ, ಕೂತ್ಕೋ ಮೊದ್ಲು."

"ಕೂರೋಕಾಗಲ್ಲ. ಆಸ್ಪತ್ರೆಯವರು ಗುರುವಾರ ವಿಚಾರಣೆ ಇಟ್ಟಿದಾರೆ. ನಾನು ಹೇಳಿದ್ದೆಲ್ಲ ಬಾಯಿಮಾತು ಅಂತಾರೆ. ಬರಹದಲ್ಲಿ ಏನಿದೆ ಅಂತಾರೆ. ಮೇಜಿನವ್ರನ್ನ ಕೇಳ್ದೆ, ಒಬ್ಬಳಿಗೆ ತಲೆನೋವಂತೆ, ಇನ್ನೊಬ್ಬಳಿಗೆ ನೆನಪೇ ಇಲ್ವಂತೆ. ನಿಂದೊಂದು ಸಾಲು ಇದೆ ನೋಡು ಅಕ್ಕ, ಆ ಪೇಪರಲ್ಲಿ. ನಿನ್ನ ಸಹಿ ಇದೆ. ತಾರೀಕು ಇದೆ. ಅದನ್ನ ತರಿಸಿ ನೋಡಿ ಅಂತ ಬರೆದುಕೊಟ್ಟಿದೀನಿ. ಅಷ್ಟೇ ಸಾಕು, ನನ್ನನ್ನ ವಾಪಸ್ ತಗೋತಾರೆ." ಅವಳು ಉಸಿರು ಎಳೆದುಕೊಂಡಳು. "ನಿನ್ನ ಕೇಳಿದ್ರೆ ಹೌದು ಅಂತೀಯ ತಾನೆ?"

"ಇಲ್ಲದ್ದನ್ನ ನಾನ್ಯಾಕೆ ಬರೀಲಿ? ಹೌದು ಅಂತೀನಿ," ಎಂದರು ದೊಡ್ಡಮ್ಮ.

ಗಡಿಬಿಡಿ ಆಗ ಕೂತಳು. ಹೆಬ್ಬೆರಳಿಗೆ ಇನ್ನೂ ಪಟ್ಟಿ ಸುತ್ತಿತ್ತು. ನಮ್ಮ ಮನೆಯಲ್ಲಿ ಅವಳು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಂಗಳವಾರ ಕಂಪನಿಯ ಮ್ಯಾನೇಜರ್ ದೊಡ್ಡಮ್ಮನನ್ನು ಕರೆಸಿದರು. ಇಂಗ್ಲಿಷಿನಲ್ಲಿ ಮಾತಾಡಿಬಿಟ್ಟರೆ ಕಷ್ಟ ಎಂದು ಅವರು ನನ್ನನ್ನೂ ಕರೆದುಕೊಂಡು ಹೋದರು. ಮ್ಯಾನೇಜರ್ ಇಂಗ್ಲಿಷ್ ಮಾತಾಡಲಿಲ್ಲ. ವಯಸ್ಸು ಕಡಿಮೆ, ಮಾತು ಮೆತ್ತಗೆ. ನಮ್ಮಿಬ್ಬರನ್ನೂ ಕೂರಿಸಿ ಟೀ ತರಿಸಿದರು.

"ನಿಮ್ಮ ಪೇಪರ್ ನೋಡಿ ತುಂಬಾ ಖುಷಿ ಆಯ್ತಮ್ಮ. ಮೂವತ್ತಕ್ಕೆ ಇಪ್ಪತ್ತೆಂಟು. ಹದಿನಾಲ್ಕನೇದು ಒಂದು ಮಾತ್ರ ಸ್ವಲ್ಪ..."

"ತಪ್ಪಾಯ್ತಾ ಸರ್?"

"ತಪ್ಪೇನಿಲ್ಲ. ಕರೆಕ್ಟಾಗಿದೆ. ಅದೇ ತೊಂದ್ರೆ." ಅವರು ನಕ್ಕರು. ನಾನೂ ನಕ್ಕೆ. "ಇದನ್ನ ಹಿಡ್ಕೊಂಡು ಯಾರೋ ವಿಚಾರಣೆಗೆ ಹೋಗಿದಾರೆ. ಭಾಷೆ ಪರೀಕ್ಷೇಲಿ ಬರೆದ ಉದಾಹರಣೆನ ಸಾಕ್ಷಿ ಅಂದ್ರೆ ಹೇಗಮ್ಮ? ನೀವು ಉದಾಹರಣೆಗೆ ಅಂತ ತಾನೆ ಬರೆದಿದ್ದು?"

"ಸ್ವಂತ ವಾಕ್ಯ ಬರೀರಿ ಅಂದಿದ್ರಿ ಸರ್. ನಮ್ದನ್ನೇ ಬರೆದೆ."

ಮ್ಯಾನೇಜರ್ ಟೀ ಕಪ್ಪು ಕೆಳಗಿಟ್ಟರು. ದೊಡ್ಡಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನೀವು ಓದ್ತಾ ಇದೀರಲ್ವಾ? ನೀವೇ ಹೇಳಿ. ಎಕ್ಸಾಂಪಲ್ ಅಂದ್ರೆ ನಿಜ ಇರ್ಲೇಬೇಕಾ?"

ನನಗೆ ಗೊತ್ತಿದ್ದ ಪ್ರಶ್ನೆ. ಹತ್ತು ದಿನ ನಾನೇ ಉತ್ತರ ಹೇಳಿದ್ದ ಪ್ರಶ್ನೆ. ಕೇಳಿದವರು ಯಾರು, ಯಾಕೆ ಕೇಳುತ್ತಿದ್ದಾರೆ ಎಂದು ಯೋಚಿಸುವ ಮೊದಲೇ ಬಾಯಿ ಮುಂದೆ ಓಡಿತು.

"ಇಲ್ಲ ಸರ್, ಕಲ್ಪನೆನೇ. ಆನೆ ಹಾರಿತು ಅಂತ ಬೇಕಾದ್ರೂ ಬರೀಬಹುದು ಅಂತ ನಾನೇ ಇವ್ರಿಗೆ ಎಷ್ಟ್ ಸಲ ಹೇಳಿದೀನಿ!"

"ಹಾ, ನೋಡಿ!" ಎಂದರು ಮ್ಯಾನೇಜರ್.

ದೊಡ್ಡಮ್ಮ ನನ್ನನ್ನು ನೋಡಿದರು. ಕೋಪವಿರಲಿಲ್ಲ. ನಾನು ಹೇಳಿದ್ದು ಅರ್ಥವಾಗದೆ ಇನ್ನೊಮ್ಮೆ ಹೇಳು ಎನ್ನುವಾಗ ನೋಡುತ್ತಿದ್ದರಲ್ಲ, ಹಾಗೆ.

"ಹಾಗಂತ ಎರಡು ಸಾಲು ಬರೆದುಕೊಟ್ಬಿಡಿ," ಎಂದರು ಮ್ಯಾನೇಜರ್. "ನಾನು ಬರೆದದ್ದು ಕೇವಲ ಕಾಲ್ಪನಿಕ ಉದಾಹರಣೆ, ಕೆಲಸದ ಜಾಗಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ. ಇವ್ರೇ ಫೋನಲ್ಲಿ ಟೈಪ್ ಮಾಡ್ಲಿ, ಇಲ್ಲೇ ಪ್ರಿಂಟ್ ತೆಗೀತೀನಿ. ನಿಮ್ಮ ಆರ್ಡರ್ ರೆಡಿ ಇದೆ, ಸೋಮವಾರದಿಂದ ನೀವೇ ಸೂಪರ್‌ವೈಸರ್."

ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟರು. ದೊಡ್ಡಮ್ಮನ ಪೂರ್ತಿ ಹೆಸರು, ಕೆಳಗೆ ಸಹಿಗೆ ಜಾಗ. ಸಹಿ ಆಗಿರಲಿಲ್ಲ.

ನಾನು ದೊಡ್ಡಮ್ಮನ ಕಿವಿಯಲ್ಲಿ ಪಿಸುಗುಟ್ಟಿದೆ. "ಬರೆದುಕೊಡೋಣ ದೊಡ್ಡಮ್ಮ. ಗಡಿಬಿಡಿ ಆಂಟಿ ಬೇರೆ ಏನಾದ್ರೂ ದಾರಿ ಹುಡುಕ್ತಾರೆ. ನಿಮ್ಮ ಕಾಲು ನೋಡ್ಕೊಳ್ಳಿ." ನಿಜವಾಗಿ ಹಾಗೇ ಅಂದುಕೊಂಡಿದ್ದೆನೋ, ಹೊರಗೆ ಕತ್ತಲಾಗುವ ಮುಂಚೆ ಅಲ್ಲಿಂದ ಏಳಬೇಕು ಅನ್ನಿಸಿತ್ತೋ ಗೊತ್ತಿಲ್ಲ. ದೊಡ್ಡಮ್ಮ ಬೇಡ ಎನ್ನಲಿಲ್ಲ. ನಾನು ಟೈಪ್ ಮಾಡಿದೆ. ಒಂದು ತಪ್ಪೂ ಇರಲಿಲ್ಲ. "ಒಳ್ಳೆ ಇಂಗ್ಲಿಷ್" ಎಂದರು ಮ್ಯಾನೇಜರ್. ನನ್ನ ಕಿವಿ ಬಿಸಿಯಾಯಿತು, ಆಗ ಅದು ಸಂತೋಷಕ್ಕೆ.

ಪ್ರಿಂಟ್ ಬಂತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಎರಡು ತಿಂಗಳ ಹಿಂದಾಗಿದ್ದರೆ ಓದದೆ ಸಹಿ ಹಾಕುತ್ತಿದ್ದರು. ಈಗ ಓದಲು ಬರುತ್ತಿತ್ತು, ನಾನೇ ಕಲಿಸಿದ್ದೆ. ಒಂದು ಪದದಲ್ಲಿ ಬೆರಳು ನಿಂತಿತು.

"ಇಮ್ಯಾಜಿನರಿ ಅಂದ್ರೆ?"

"ಮನಸ್ಸಲ್ಲಿ ಕಟ್ಟಿದ್ದು. ಇಲ್ಲದ್ದು."

"ಗ್ಲೌಸು ಹರಿದಿದ್ದು ನನ್ನ ಮನಸ್ಸಲ್ಲಾ?"

ಮ್ಯಾನೇಜರ್ ಪೆನ್ನಿನ ಕ್ಯಾಪು ತೆಗೆದು ಇಟ್ಟರು. ದೊಡ್ಡಮ್ಮ ಮೇಜಿನ ಕೆಳಗೆ ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜಿಕೊಳ್ಳುತ್ತಿದ್ದರು. ಶಿಫ್ಟ್ ಮುಗಿಸಿ ಬಂದಿದ್ದರಲ್ಲ, ನರ ಎಳೆಯುತ್ತಿತ್ತು. ಆಮೇಲೆ ಸಹಿ ಹಾಕಿದರು. ರಿಜಿಸ್ಟರಿಗೆ ಹಾಕುವ ಅದೇ ಸಹಿ, ಕೆಳಗೊಂದು ಗೆರೆ, ತಾರೀಕು. ಮ್ಯಾನೇಜರ್ ಆರ್ಡರಿಗೆ ಸಹಿ ಮಾಡಿದರು.

ಗುರುವಾರದ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತಂತೆ. ನನ್ನ ಎರಡು ಸಾಲನ್ನು ಗಟ್ಟಿಯಾಗಿ ಓದಿದರಂತೆ. ದೊಡ್ಡಮ್ಮನನ್ನು ಒಳಗೆ ಕರೆಯಲೇ ಇಲ್ಲ, ಬರಹ ಇದೆಯಲ್ಲ, ಸಾಕು ಎಂದರಂತೆ. ಗಡಿಬಿಡಿಯ ಕೆಲಸ ಹೋಯಿತು. ಶುಕ್ರವಾರ ಬೆಳಿಗ್ಗೆ ಲಾಂಡ್ರಿಗೆ ಎರಡು ಪೆಟ್ಟಿಗೆ ಹೊಸ ಗ್ಲೌಸು ಬಂತು. ಮೊಣಕೈವರೆಗೆ ಬರುವಂಥದ್ದು, ದಪ್ಪನೆಯದು, ಎಲ್ಲರಿಗೂ ಎರಡೆರಡು ಜೊತೆ.

"ಚೆನ್ನಾಗಿದೆಯಾ?" ಎಂದು ದೊಡ್ಡಪ್ಪ ಕೇಳಿದರು.

"ಗ್ಲೌಸಾ, ಕುರ್ಚಿನಾ?"

"ಎರಡೂ."

"ಎರಡೂ ಚೆನ್ನಾಗಿದೆ," ಎಂದು ದೊಡ್ಡಮ್ಮ ಒಳಗೆ ಹೋದರು. ದೊಡ್ಡಪ್ಪ ಟಿವಿ ಹಾಕಲು ಹೋದವರು ಹಾಕದೆ ಹಾಗೇ ಕೂತರು.

ಅವರು ಕುರ್ಚಿಯಲ್ಲಿ ಕೂತ ಮೂರನೆಯ ದಿನ ಗಡಿಬಿಡಿ ತನ್ನ ಲಾಕರ್ ಖಾಲಿ ಮಾಡಲು ಬಂದಳಂತೆ. ಕೆಲಸ ಬಿಟ್ಟವರು ಏನು ತೆಗೆದುಕೊಂಡು ಹೋಗುತ್ತಾರೆ ಎಂದು ಗೇಟ್ ಪಾಸಿನಲ್ಲಿ ಬರೆಯಬೇಕು, ಚೀಲ ಬಿಚ್ಚಿಸಿ ನೋಡಬೇಕು. ಅದು ಸೂಪರ್‌ವೈಸರ್ ಕೆಲಸ. ದೊಡ್ಡಮ್ಮ ಒಂದೊಂದನ್ನೂ ಇಂಗ್ಲಿಷಿನಲ್ಲಿ ಬರೆದರು. ಊಟದ ಡಬ್ಬಿ ಒಂದು. ಸ್ವೆಟರ್ ಒಂದು. ಚಪ್ಪಲಿ ಒಂದು ಜೊತೆ. ಬಾಚಣಿಗೆ ಒಂದು. ಕೆಳಗೆ ಗಡಿಬಿಡಿ ಸಹಿ ಹಾಕಬೇಕು.

"ಓದಿ ಹೇಳಕ್ಕ," ಎಂದಳಂತೆ.

ದೊಡ್ಡಮ್ಮ ಓದಿ ಹೇಳಿದರು.

"ಇದು ನಿಜಾನಾ ಅಕ್ಕ, ಇಲ್ಲ ಉದಾಹರಣೆಗಾ?"

ಮೇಜಿನ ಹತ್ತಿರ ನಿಂತಿದ್ದ ನಾಲ್ಕೂ ಜನ ಬಟ್ಟೆ ಕೊಡವುವುದನ್ನು ನಿಲ್ಲಿಸಿದರಂತೆ. ದೊಡ್ಡಮ್ಮ ಪೆನ್ನನ್ನು ಅವಳ ಕಡೆ ಸರಿಸಿದರು. ಗಡಿಬಿಡಿ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದು, ಚೀಲ ಹೆಗಲಿಗೆ ಹಾಕಿಕೊಂಡು ಹೋದಳು.

ಇದನ್ನೆಲ್ಲ ದೊಡ್ಡಮ್ಮ ನನಗೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಹೇಳಿದರು. ಕೂತುಕೊಳ್ಳಿ ಎಂದು ಸ್ಟೂಲು ಎಳೆದು ಕೊಟ್ಟೆ. ಕೂರಲಿಲ್ಲ.

"ತಪ್ಪು ನಂದು ದೊಡ್ಡಮ್ಮ," ಎಂದೆ. "ಟೈಪ್ ಮಾಡಿದ್ದು ನಾನು."

"ಸಹಿ ಯಾರ್ದು?"

ಅವರು ನಲ್ಲಿ ತಿರುಗಿಸಿ ಲೋಟ ತೊಳೆದರು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದರು.

"ಅವಳ ಮನೆಗೆ ಹೋಗಿ ಬರೋಣ್ವಾ?" ಎಂದೆ.

"ಹೋಗಿ ಏನಂತ ಹೇಳ್ಲಿ ಪುಟ್ಟಿ? ನನ್ನ ಮಾತು ಅಂದ್ರೆ ನಿಜ ಅಂತ ತಿಳ್ಕೊಂಡಿದ್ದವಳು ಅವಳೊಬ್ಬಳೇ," ಎಂದು ನಲ್ಲಿ ನಿಲ್ಲಿಸಿದರು.